ಮೆಲ್ಲಗೆ ಶುರುವಾಗುವ ಹಾಡು

ಅಮ್ಮನ ಹಾಡನ್ನು ಹಾಳು ಮಾಡಿದ್ದು ತಾನೇ ಎಂದು ಡೈರಿಯಲ್ಲಿ ಬರೆದು, ಬರೆದದ್ದನ್ನು ಇನ್ನೊಮ್ಮೆ ಓದಿ, ಅವಳು ಪುಟ ಮುಚ್ಚಿದಳು. ಅದು ಸಣ್ಣ ಚಿಂತೆ, ಬರೆಯಬಹುದಾದದ್ದು. ದೊಡ್ಡದನ್ನು ಡೈರಿಗೂ ಹೇಳಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಆ ಹಾಡೇ ಶುರುವಾಯಿತು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ನಲ್ಲಿ ಮಾತ್ರ ಸುರಿಯುತ್ತಲೇ ಇತ್ತು.

"ಅಪ್ಪನ ಫೋನಮ್ಮಾ," ಎಂದು ಕೂಗಿದಳು.

ಸ್ವಲ್ಪ ಹೊತ್ತಾದ ಮೇಲೆ ಪಾತ್ರೆಗಳು ಮತ್ತೆ ಸದ್ದು ಮಾಡಿದವು. ಹೊರಗೆ ಅಪ್ಪ, ಯಾವುದೋ ಕಟ್ಟಡದ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಕೊಂಡವನಿಗೆ, ಬಾಗಿಲು ಎಳೆಯಬೇಡಿ, ಹೊರಟೆ ಅಂದುಕೊಳ್ಳಿ ಎನ್ನುತ್ತಿದ್ದ. ಲಿಫ್ಟ್ ಮೆಕ್ಯಾನಿಕ್ಕನ ಮನೆಯಲ್ಲಿ ಫೋನು ಸುಮ್ಮನಿರುವುದೇ ಅಪರೂಪ.

ಹನ್ನೆರಡು ದಿನಗಳ ಹಿಂದೆ ಅಮ್ಮ ಅವಳನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಅವಳ ಕೈಯನ್ನು ತನ್ನ ಕಂಕುಳ ಹತ್ತಿರ ಇಟ್ಟುಕೊಂಡಿದ್ದಳು. ಬೆರಳಿಗೆ ಸಿಕ್ಕಿದ್ದು ಕಡಲೆಕಾಳಿಗಿಂತ ದೊಡ್ಡದು, ಒತ್ತಿದರೆ ಜಾರದೆ ಕೂತಲ್ಲೇ ಕೂತಿತ್ತು. ತಾಯಿ ಮಗಳು ಇಬ್ಬರೇ ಆಸ್ಪತ್ರೆಗೆ ಹೋದರು. ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೇವೆ, ವರದಿ ಬಂದ ಕೂಡಲೇ ಫೋನ್ ಮಾಡುತ್ತೇವೆ ಎಂದರು. ಅಮ್ಮನ ಫೋನನ್ನು ಮನೆಯಲ್ಲಿ ಯಾರು ಬೇಕಾದರೂ ಎತ್ತುತ್ತಾರೆಂದು ಮಗಳ ನಂಬರು ಕೊಟ್ಟು ಬಂದರು.

ವಾಪಸು ಬರುವಾಗ ಬಸ್ಸಿನಲ್ಲಿ, ಅಪ್ಪನಿಗೆ ಹೇಳಕೂಡದೆಂದು ಅಮ್ಮ ಮಾತು ತೆಗೆದುಕೊಂಡಳು. ಐದಾರು ಮಹಡಿಯ ಎತ್ತರದಲ್ಲಿ, ಆ ಕತ್ತಲೆಯಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವ ಮನುಷ್ಯ. ತಲೆಯೊಳಗೆ ಇದು ಹೊಕ್ಕರೆ ಕಾಲು ಎಲ್ಲಿಡುತ್ತಾರೋ ಏನೋ. ಇಂಥದ್ದು ಅಂತ ಗೊತ್ತಾಗುವವರೆಗೆ ತುಟಿ ಪಿಟಕ್ಕೆನ್ನಕೂಡದು. ತುಟಿ ಪಿಟಕ್ಕೆನ್ನದೆ ಇರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಅಪ್ಪ ಅವಳನ್ನು ಕರೆಯುತ್ತಿದ್ದುದೇ ಗುಮ್ಮನಗುಸುಕಿ ಎಂದು.

ಆದರೆ ಫೋನು ಬಡಿದುಕೊಂಡರೆ ಅವಳ ಎದೆಯೂ ಬಡಿದುಕೊಳ್ಳುತ್ತಿತ್ತು. ಯಾರದೆಂದು ನೋಡುವ ಮೊದಲೇ ಗೊತ್ತಾಗಬೇಕು, ಎತ್ತಿಕೊಂಡು ಹೊರಗೆ ಹೋಗುವಷ್ಟು ಸಮಯ ಸಿಗಬೇಕು. ಅದಕ್ಕಾಗಿ, ಅಮ್ಮನ ಹಳೆಯ ಸಿಡಿಯಿಂದ ಎಂದೋ ಕಂಪ್ಯೂಟರಿಗೆ ಹಾಕಿಟ್ಟಿದ್ದ ಹಾಡನ್ನು ತೆರೆದಳು. ಪರದೆಯ ಮೇಲೆ ಹಾಡು ಗರಗಸದ ಹಾಗೆ ಉದ್ದಕ್ಕೆ ಹಲ್ಲು ಬಿಟ್ಟುಕೊಂಡು ಮಲಗಿತು. ಮೊದಲಿನ ಪಿಟೀಲುಗಳನ್ನೆಲ್ಲ ಬಿಟ್ಟು, ಹೆಣ್ಣಿನ ದನಿ ಏಳುವಲ್ಲಿ ಒಂದು ಗೆರೆ ಎಳೆದಳು, ಆಕೆ ಉಸಿರು ತೆಗೆದುಕೊಳ್ಳುವಲ್ಲಿ ಇನ್ನೊಂದು. ಇಪ್ಪತ್ತೆಂಟು ಸೆಕೆಂಡು. ಮೊದಲ ನಾಲ್ಕು ಸೆಕೆಂಡು ದನಿ ಮೆಲ್ಲಗೆ ಏರುವಂತೆ ಮಾಡಿದಳು. ಬರುವ ಸುದ್ದಿ ಎಂಥದ್ದೇ ಇರಲಿ, ಕಿರುಚಿಕೊಂಡು ಬರುವುದು ಬೇಡ. ಆಸ್ಪತ್ರೆಯ ನಂಬರಿಗೆ ಮಾತ್ರ ಅದನ್ನು ಇಟ್ಟಳು.

ಸರಿಯಾಯಿತೇ ಎಂದು ಹಾಕಿ ಕೇಳುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಮದುವೆಯಾದ ಹೊಸತರಲ್ಲಿ ನಿಮ್ಮಮ್ಮ ಇದನ್ನೇ ಗುನುಗುತ್ತಿದ್ದಳು ಕಣೇ, ನನ್ನ ಫೋನಿಗೂ ಹಾಕು ಎಂದ. ಬೇಡವೆನ್ನಲು ಕಾರಣ ಬೇಕಿತ್ತು. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಮೆತ್ತಗಿದ್ದರೆ ಮೋಟಾರಿನ ಸದ್ದಿನಲ್ಲಿ ಕೇಳಿಸುವುದಿಲ್ಲ, ಶುರುವಿನಿಂದಲೇ ಗಟ್ಟಿಯಾಗಿರಲಿ ಎಂದೂ ಹೇಳಿದ. ಹಾಗೇ ಮಾಡಿಕೊಟ್ಟಳು. ಅಂದಿನಿಂದ ದಿನಕ್ಕೆ ಹತ್ತು ಸಲ ಆ ಹೆಣ್ಣು ಮನೆಯಲ್ಲಿ ಬಾಯಿ ತೆರೆಯುವುದು, ಹತ್ತು ಸಲವೂ ಅಮ್ಮನ ಕೈ ಇದ್ದಲ್ಲೇ ನಿಲ್ಲುವುದು. ಯಾವುದು ಮೆಲ್ಲಗೆ ಏರುತ್ತದೆ, ಯಾವುದು ಒಮ್ಮೆಲೇ ನುಗ್ಗುತ್ತದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅಮ್ಮನ ಕಿವಿಗೆ ಎರಡೂ ಒಂದೇ. ಗುನುಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದ. ಬೆಳಿಗ್ಗೆ ಸಿಕ್ಕಿಕೊಂಡಿದ್ದವನ ಕತೆ ಹೇಳಿದ. ಬಾಗಿಲು ತೆಗೆದರೆ ಆಸಾಮಿ ಚಪ್ಪಲಿ ಬಿಟ್ಟು, ಮೂಲೆಗೆ ಒರಗಿ ಗೊರಕೆ ಹೊಡೆಯುತ್ತಿದ್ದನಂತೆ. ಎಬ್ಬಿಸಿದ್ದಕ್ಕೆ, ಇಷ್ಟು ಬೇಗ ಯಾಕ್ರೀ ಬಂದ್ರಿ, ಮನೆಯಲ್ಲೂ ಇಂಥ ನಿದ್ದೆ ಸಿಗೋಲ್ಲ ಎಂದನಂತೆ. ಅಮ್ಮ ನಕ್ಕಳು, ಸ್ವಲ್ಪ ತಡವಾಗಿ.

ಆಗ, ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿದ್ದಾರೇನೋ ಅನ್ನುವಷ್ಟು ಮೆಲ್ಲಗೆ, ಅದು ಶುರುವಾಯಿತು.

ಮೊದಲು ಕೇಳಿಸಿದ್ದು ಅವಳಿಗೆ. ಅವಳ ಫೋನಿದ್ದುದು ಅಪ್ಪನ ಮೊಣಕೈ ಪಕ್ಕದ ಗೂಡಿನಲ್ಲಿ. ಅವಳು ಏಳುವಷ್ಟರಲ್ಲಿ ದನಿ ಏರಿತು. ಅಪ್ಪ ಎಡಗೈಯಿಂದ ತನ್ನ ಜೇಬು ಮುಟ್ಟಿ ನೋಡಿ, ನನ್ನದಲ್ಲ ಎಂದು ಅವಳ ಫೋನೆತ್ತಿದ. ಪರದೆಯ ಮೇಲೆ ಅವಳೇ ಇಟ್ಟ ಸುಳ್ಳು ಹೆಸರಿತ್ತು.

"ಲೈಬ್ರರಿಯವರಿಗೆ ಅಮ್ಮನ ಹಾಡೇನೇ ಗುಸುಕಿ? ಎಷ್ಟು ಪುಸ್ತಕ ನುಂಗಿ ಕೂತಿದ್ದೀಯ?"

"ಕೊಡಿ ಅವಳಿಗೆ," ಎಂದಳು ಅಮ್ಮ.

ಹಿತ್ತಲ ಬಾಗಿಲಾಚೆ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತು ಅವಳು ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆಯ ಹೆಂಗಸು ಅಮ್ಮನ ಹೆಸರು, ವಯಸ್ಸು ಕೇಳಿ, ವರದಿ ಬಂದಿದೆ ಎಂದಳು. ಏನಂತ ಬಂದಿದೆ ಎಂದು ಕೇಳಿದ್ದಕ್ಕೆ, ಡಾಕ್ಟರೇ ಹೇಳುತ್ತಾರೆ, ಇವತ್ತು ನಾಲ್ಕು ಗಂಟೆಗೆ ಬನ್ನಿ ಎಂದಳು. ಅಮ್ಮನ ಜೊತೆ ನಾನು ಬರುತ್ತೇನೆ ಅಂದರೆ, ಆ ದನಿ, ಮಗಳೊಬ್ಬಳೇ ಬೇಡಮ್ಮ, ನಿಮ್ಮ ತಂದೆಯನ್ನೂ ಕರೆದುಕೊಂಡು ಬನ್ನಿ ಎಂದಿತು.

ಒಳಗೆ ಬಂದಾಗ ಅಪ್ಪ ಕೈತೊಳೆದು, ಬೂಟಿನ ದಾರ ಬಿಗಿದು, ಸಾಮಾನಿನ ಚೀಲ ಹೆಗಲಿಗೇರಿಸುತ್ತಿದ್ದ. ಇವತ್ತು ಒಂಬತ್ತು ಮಹಡಿಯ ಕಟ್ಟಡ, ತಂತಿ ಬದಲಿಸುವುದಿದೆ, ಸಂಜೆ ತಡವಾಗುತ್ತದೆ ಎಂದ. ಆಮೇಲೆ ನೆನಪಾಗಿ, "ಏನಂತೆ ಲೈಬ್ರರಿಯವರು?" ಎಂದು ಕೇಳಿದ.

ಅವನ ಬೆನ್ನ ಹಿಂದೆ ನಿಂತಿದ್ದ ಅಮ್ಮ, ಎಂಜಲು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಪುಸ್ತಕ ವಾಪಸು ಕೇಳುತ್ತಿದ್ದಾರೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು. ಅಷ್ಟು ಹೇಳಿದರೆ ಸಾಕು, ಅಪ್ಪ ಮೆಟ್ಟಿಲಿಳಿದು ಹೋಗುತ್ತಾನೆ. ಅವಳು ಮುಂದೆ ಹೋಗಿ ಚೀಲದ ಪಟ್ಟಿಯನ್ನು ಹಿಡಿದುಕೊಂಡಳು. ಪಟ್ಟಿ ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಅವಳು ಹಿಡಿದೆಳೆದದ್ದಕ್ಕೆ ಒಳಗಿನ ಸ್ಪ್ಯಾನರುಗಳು ಒಂದಕ್ಕೊಂದು ತಗುಲಿ ಸಣ್ಣಗೆ ಕಿಣಿಗುಟ್ಟಿದವು.

"ಅದು ಲೈಬ್ರರಿ ಅಲ್ಲಪ್ಪಾ," ಎಂದಳು. "ಆಸ್ಪತ್ರೆ. ಅಮ್ಮನ ವಿಷಯ."