ಕೈಲು ಮುಹೂರ್ತದ ಈಡು

ನನ್ನ ತಮ್ಮ ದೇರಪ್ಪನನ್ನು ಹೇಡಿ ಎಂದವರ ಹೆಸರು ಒಂದೊಂದೂ ನನಗೆ ನೆನಪಿದೆ. ಬರ್ಮಾದ ಯುದ್ಧ ಮುಗಿಸಿ ಅವನು ಸಂಪಾಜೆಯ ಮೇಲಿನ ನಮ್ಮ ಮನೆಗೆ ಬಂದಾಗ ಇವರೇ ಹಾರ ಹಾಕಿ ಎದುರುಗೊಂಡಿದ್ದರು. ಸ್ವಲ್ಪ ದಿನಕ್ಕೆ ಬಿದಿರು ಮೆಳೆಗೆ ಬೆಂಕಿ ಬಿದ್ದು ಗಿಣ್ಣುಗಳು ಪಟಪಟ ಸಿಡಿದಾಗ ಅವನು ಚರಂಡಿಗೆ ಹಾರಿ ಬೋರಲು ಮಲಗಿಬಿಟ್ಟ. ಹಾರ ಹಾಕಿದವರೆಲ್ಲ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಾಕ್ಟರ ಬಳಿ ಹೋಗೋಣವೆಂದು ಬಾಯಿಬಿಟ್ಟು ಕೇಳಿದವನು ಅವನೇ.

"ಅಕ್ಕ, ನಿದ್ದೆ ಇಲ್ಲೆ. ಕಣ್ಣು ಮುಚ್ಚಿರೆ ಅದೇ ಕಾಡು, ಅದೇ ಸದ್ದು. ಯಾರಾದ್ರೂ ಡಾಕ್ಟರ್ ಹತ್ರ ಕರ್ಕಂಡ್ ಹೋಗು."

ಗಂಡ ಸತ್ತು ತವರಿಗೆ ಮರಳಿದವಳು ನಾನು. ಯಾರ ಮುಂದೆಯೂ ಕೈಚಾಚಿ ಗೊತ್ತಿಲ್ಲ. ಅವನಿಗಾಗಿ ಹೋದೆ.

ಪಕ್ಕದ ಕಾಫಿ ಎಸ್ಟೇಟಿಗೆ ವಾರಕ್ಕೊಮ್ಮೆ ಬರುತ್ತಿದ್ದ ಬಿಳಿ ಡಾಕ್ಟರು ಹಿಂದೆ ಪಲ್ಟನ್ನಿನಲ್ಲಿದ್ದವರಂತೆ. ಸಿಪಾಯಿಯ ಸಂಕಟ ಅವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು ಎಂದುಕೊಂಡಿದ್ದೆ. ಅವರು ದೇರಪ್ಪನ ಅಂಗಿ ಎತ್ತಿಸಿ ಬೆನ್ನು ನೋಡಿದರು, ಹೊಟ್ಟೆ ನೋಡಿದರು, ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಎಸ್ಟೇಟಿನ ರೈಟರ್ ಬೋಜಪ್ಪ ಅದನ್ನು ಕನ್ನಡ ಮಾಡಿದ.

"ಗಾಯ ಇಲ್ಲದಿದ್ರೆ ಕಾಯಿಲೆನೂ ಇಲ್ವಂತೆ. ಕೈಗೆ ಬಂದೂಕು ಕೊಟ್ಟು ನಾಲ್ಕು ಈಡು ಹೊಡೆಸಿ, ಸರಿಹೋಗ್ತಾನೆ. ಕೊಡಗಿನವನಿಗೆ ಅದಕ್ಕಿಂತ ಔಷಧಿ ಬೇಕಾ ಅಂತ ಕೇಳ್ತಿದ್ದಾರೆ ದೊರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಸುಟ್ಟ ಕೈಯನ್ನ ಮತ್ತೆ ಒಲೆಗೆ ಹಿಡೀಲಿಕ್ಕೆ ಹೇಳುವವ ಎಂಥ ಡಾಕ್ಟರ್ ಅಂತ ಕೇಳಿ ರೈಟರೇ!" ಎಂದೆ.

ಅದನ್ನು ಮಾತ್ರ ಬೋಜಪ್ಪ ಇಂಗ್ಲಿಷ್ ಮಾಡಲಿಲ್ಲ. ದೇರಪ್ಪ ಅಂಗಿಯ ಗುಂಡಿ ಹಾಕಿಕೊಂಡು, ಆ ಮನುಷ್ಯನಿಗೆ ಸಲ್ಯೂಟ್ ಹೊಡೆದು ಹೊರಗೆ ಬಂದ. ಆ ಸಲ್ಯೂಟ್ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಪ್ಪ ಮಾಯಿಲಪ್ಪನಿಗೆ ದೊರೆಯ ಮಾತು ಕೇಳಿ ಹೋದ ಜೀವ ಬಂದ ಹಾಗಾಯಿತು. ಕೈಲು ಮುಹೂರ್ತ ಹತ್ತಿರದಲ್ಲೇ ಇತ್ತು. ನಾಟಿ ಮುಗಿಸಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬ ಅದು. ಕೋವಿಯ ನಳಿಗೆಗೆ ಹೂ ಸಿಕ್ಕಿಸಿ, ಹಂದಿ ಸಾರು ಉಂಡು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತೇವೆ. ನಮ್ಮ ಅಂಗಳದಲ್ಲಿ ಮೊದಲ ಈಡು ಮನೆಯ ಯಜಮಾನನದು. ಆ ವರ್ಷ ಅಪ್ಪ ಎಲ್ಲರ ಎದುರು ಕೋವಿಯನ್ನು ಮಗನ ಕೈಗೆ ಕೊಟ್ಟರು.

"ಅಪ್ಪ, ನಂಗೆ ಬೇಡ" ಎಂದ ದೇರಪ್ಪ.

"ಊರೆಲ್ಲ ನೋಡ್ತುಟ್ಟು. ಹೊಡಿ!"

ನಾನು ಬೇಡ ಬೇಡವೆಂದು ಕೂಗಿದೆ. ಹೆಂಗಸಿನ ಮಾತು, ಯಾರು ಕೇಳಬೇಕು? ಅಷ್ಟರಲ್ಲಿ ನೆರೆಮನೆಯ ಮೊಣ್ಣಪ್ಪ, ಹುರುಪು ತುಂಬುತ್ತೇನೆಂದುಕೊಂಡು, ಹಿಂದಿನಿಂದ ತನ್ನ ಕೋವಿಯನ್ನು ಗಾಳಿಗೆ ಹಾರಿಸಿಬಿಟ್ಟ.

ದೇರಪ್ಪ ಕೋವಿ ಬಿಸಾಡಿ ಅಪ್ಪನ ಮೇಲೆ ಎರಗಿದ. ಅವರನ್ನು ಕೆಸರಿಗೆ ಕೆಡವಿ, ತನ್ನ ಎರಡೂ ತೋಳುಗಳಿಂದ ಅವರ ತಲೆ ಮುಚ್ಚಿ, "ಲೇಟ್ ಜಾವ್! ಲೇಟ್ ಜಾವ್!" ಎಂದು, ನೆಲಕ್ಕೆ ಮಲಗೆಂಬ ಪಲ್ಟನ್ನಿನ ಮಾತಲ್ಲಿ, ಗಂಟಲು ಹರಿಯುವಂತೆ ಕಿರುಚಿದ. ಮೊದಲು ಮೊಣ್ಣಪ್ಪ ನಕ್ಕ. ಆಮೇಲೆ ಅಂಗಳವೇ ನಕ್ಕಿತು. ಒಲೆಯ ಮೇಲಿದ್ದ ಸಾರಿನ ಪಾತ್ರೆ ತಂದು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು ನನಗೆ.

ಅಪ್ಪ ಏಳಲು ಹೊತ್ತು ಹಿಡಿಯಿತು. ಎದ್ದವರು ಬಟ್ಟೆಯ ಕೆಸರು ಒರೆಸಿಕೊಳ್ಳಲಿಲ್ಲ. ಮಗನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ಮೊಣ್ಣಪ್ಪ, ಗುಂಡು ಬಂದರೆ ನೀ ಎಲ್ಲಿಗೆ ಓಡುವೆ? ಇವ ಓಡ್ಲಿಲ್ಲೆ. ನನ್ನ ಮುಚ್ಚಿದ."



"ತಪ್ಪಾತ್ ಮಗ" ಎಂದರು ಅಪ್ಪ. ನನ್ನ ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಊರಿನ ಕಡೆ ತಿರುಗಿದರು. "ಇನ್ನು ಈ ಮನೇಲಿ ಈಡು ಇಲ್ಲೆ. ನಾ ಸತ್ತರೂ ಇಲ್ಲೆ."

ನಮ್ಮಲ್ಲಿ ಸಾವಾದರೆ ಎರಡು ಈಡು ಹೊಡೆಯಬೇಕು. ಆ ಸದ್ದು ಕೇಳಿಯೇ ಗುಡ್ಡದ ಆಚೆಯವರು ಬರುವುದು. ಈಡಿಲ್ಲದೆ ಹೋದವನು ದಿಕ್ಕಿಲ್ಲದವನ ಲೆಕ್ಕ. ಕೋವಿಯೆಂದರೆ ಪ್ರಾಣ ಬಿಡುತ್ತಿದ್ದ ಅಪ್ಪ ತಮ್ಮ ಕೊನೆಯ ಮರ್ಯಾದೆಯನ್ನೇ ಬಿಟ್ಟುಕೊಟ್ಟಿದ್ದರು. ಓದಿದ ದೊರೆ ಕೊಡದ ಔಷಧಿ ಅದು.

ಮುಂದಿನ ಬೇಸಗೆಯಲ್ಲಿ ಅಪ್ಪ ತೀರಿಕೊಂಡರು. ಕೋವಿ ಗೋಡೆಯಲ್ಲೇ ಇತ್ತು. ದೇರಪ್ಪ ತಲೆಗೆ ಬಟ್ಟೆ ಸುತ್ತಿ ನಡೆದುಕೊಂಡೇ ಹೊರಟ, ಮನೆಯಿಂದ ಮನೆಗೆ, ಒಂದು ಗುಡ್ಡದಿಂದ ಇನ್ನೊಂದಕ್ಕೆ. ಕೊನೆಗೆ ಮೊಣ್ಣಪ್ಪನ ಮನೆ. ಆಚೆ ಬೇಲಿಯ ಬಳಿ ಸೌದೆ ಆಯುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ಈಡೇ ಕೇಳ್ಲಿಲ್ಲೆ! ನಾಯಿ ಸತ್ತ ಹಾಂಗೆ ಸುಡ್ತಿರಾ ನಿಮ್ಮಪ್ಪನ?" ಎಂದ ಮೊಣ್ಣಪ್ಪ.

ನಾನು ಸೌದೆ ತುಂಡು ಹಿಡಿದೇ ಎದ್ದೆ. ಅಷ್ಟರಲ್ಲಿ ನನ್ನ ತಮ್ಮನ ದನಿ ಬಂತು, ಒಂದಿಷ್ಟೂ ನಡುಗದೆ.

"ಅಪ್ಪ ಹೋದೊ ಮೊಣ್ಣಪ್ಪಣ್ಣ. ಈಡು ಬೇಡಾಂತ ಅಪ್ಪನೇ ಹೇಳ್ದೊ. ಅದಕ್ಕೆ ನಾನೇ ಬಂದೆ."

ಹೇಡಿಯಂತೆ! ಅಪ್ಪನ ಸಾವನ್ನು ಒಂದೊಂದು ಹೊಸ್ತಿಲಲ್ಲೂ ನಿಂತು, ಒಬ್ಬೊಬ್ಬರ ಮುಖ ನೋಡಿ ಹೇಳಿದ ಗಂಡಸನ್ನು ನಾನು ಈ ಕೊಡಗಿನಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ಮಿಕ್ಕವರೆಲ್ಲ ಕೋವಿಯ ಬಾಯಲ್ಲಿ ಹೇಳಿಸಿ ಮನೆಯೊಳಗೆ ಕೂರುವವರು.