ಲೋಮೆಗೆ ಅಮ್ಮನ ಜೊತೆ

ವಾರಕ್ಕೊಮ್ಮೆ ಫೋನು ಮಾಡುವವಳು ಚಿನ್ನದಂಥ ಮಗಳು, ದಿನವೂ ಫುಫು ಮುದ್ದೆ ಕುಟ್ಟಿ ಎದುರಿಗಿಡುವವಳು ಬರೀ ಮಗಳು. ನಮ್ಮ ಮನೆಯ ನ್ಯಾಯ ಇಷ್ಟೇ. ಚಿನ್ನದಂಥವಳು ರಾಜಧಾನಿ ಅಕ್ರಾದ ಬ್ಯಾಂಕೊಂದರಲ್ಲಿರುವ ನನ್ನ ತಂಗಿ ಬಿರಾಗೊ. ಇನ್ನೊಬ್ಬಳು ಕುಮಾಸಿಯಲ್ಲಿ ಅಮ್ಮನ ಜೊತೆಗಿರುವ ನಾನು, ಕೊನಾಡು. ಇದನ್ನು ಬಾಯಿಬಿಟ್ಟು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೌದು, ಹೊಟ್ಟೆಕಿಚ್ಚೇ. ಏನೀಗ?

ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಚರ್ಚಿನಿಂದ ಬಂದು ಕೂತಿದ್ದೆವು. ಬಿರಾಗೊ ಫೋನಿನಲ್ಲಿ, ಆಗಸ್ಟಿನಲ್ಲಿ ರಜೆ ಹಾಕುತ್ತೇನೆ, ಅಮ್ಮನನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಳು. ಒಂದು ದೇಶವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೂರು: ಟೋಗೊ, ಬೆನಿನ್, ಐವರಿ ಕೋಸ್ಟ್. ನಮ್ಮ ವಂಶದಲ್ಲಿ ಯಾರೂ ಸುಮ್ಮನೆ ನೋಡಿಬರಲೆಂದು ಒಂದು ಗಡಿಯನ್ನೂ ದಾಟಿದವರಲ್ಲ. ಟೋಗೊದ ಲೋಮೆ ಪೇಟೆಯ ಹೆಸರು ಕಿವಿಗೆ ಬಿದ್ದದ್ದೇ ಅಮ್ಮ ಎದ್ದು ನಿಂತಳು. ನಮ್ಮೂರ ಕೆಜೆಟಿಯಾ ಮಾರುಕಟ್ಟೆಯಲ್ಲಿ ಅವಳು ಆಯುಸ್ಸೆಲ್ಲ ಮಾರಿದ ಅಚ್ಚಿನ ಬಟ್ಟೆ ಬರುತ್ತಿದ್ದುದು ಲೋಮೆಯಿಂದ. ಜೊತೆಯ ಹೆಂಗಸರು ಹೋಗಿ ಗಂಟು ಹೊತ್ತು ತರುತ್ತಿದ್ದರು. ಅಮ್ಮನ ಬೆನ್ನ ಮೇಲೆ ಮೊದಲು ನಾನು, ಆಮೇಲೆ ಬಿರಾಗೊ. ಅವಳಿಗೆ ಹೋಗಲಾಗಲೇ ಇಲ್ಲ.

ಹೋದ ವರ್ಷ ನಾನೂ ಕರೆದಿದ್ದೆ, ಬಸ್ಸಿನಲ್ಲಿ ಲೋಮೆಗೆ ಹೋಗಿ ಬರೋಣ ಎಂದು. ಮಂಡಿ ನೋವು, ನನ್ನ ಕೈಲಾಗದು ಎಂದಿದ್ದಳು. ಅದೇ ಮಂಡಿ ಬಿರಾಗೊ ಬಾಯಿಬಿಟ್ಟ ಗಳಿಗೆಯಲ್ಲೇ ವಾಸಿಯಾಯಿತು. ನನಗೆ ಲೋಮೆಯೇನೂ ಬೇಕಿರಲಿಲ್ಲ. ಕೊನಾಡುನೂ ಬರಲಿ ಎಂದು ಅಮ್ಮ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಂಗಡಿಯಲ್ಲಿ ನಾನಿರುತ್ತೇನಲ್ಲ, ಇನ್ನೇನು ಚಿಂತೆ ಎಂದು ಇಬ್ಬರೂ ನನ್ನೆದುರಿಗೇ ಸಮಾಧಾನಪಟ್ಟುಕೊಂಡರು.

ಅಲ್ಲಿಂದ ಪ್ರತಿ ಭಾನುವಾರ ಅದೇ ಪುರಾಣ. ಬಿರಾಗೊಗೆ ಎಲ್ಲವೂ ಗೊತ್ತು. ಈ ಮೂರು ದೇಶಗಳಿಗೆ ನಮಗೆ ವೀಸಾ ಬೇಡವಂತೆ, ಪಾಸ್‌ಪೋರ್ಟು ಮತ್ತು ಹಳದಿ ಜ್ವರದ ಸೂಜಿ ಹಾಕಿಸಿಕೊಂಡ ಕಾರ್ಡು ಸಾಕಂತೆ. ಮೂರೂ ಕಡೆ ಒಂದೇ ದುಡ್ಡು ನಡೆಯುತ್ತದಂತೆ, ಒಂದು ಸಲ ಬದಲಿಸಿಕೊಂಡರೆ ಮುಗಿಯಿತಂತೆ. ಅಫ್ಲಾವೊ ಗಡಿಯನ್ನು ಬಿಸಿಲೇರುವ ಮೊದಲೇ ದಾಟಬೇಕಂತೆ. ಲೋಮೆಯಲ್ಲಿ ಮೆಟ್ಟಿಲಿಲ್ಲದ ಕೋಣೆ, ಅಲ್ಲಿಂದ ಕಾರಿನಲ್ಲಿ ಬೆನಿನ್ನಿನ ಕೊಟೊನು, ಕೊಟೊನುವಿನಿಂದ ಐವರಿ ಕೋಸ್ಟಿನ ಅಬಿಜಾನಿಗೆ ವಿಮಾನ. ಆ ವಿಮಾನದ ಸುದ್ದಿಯನ್ನು ಅಮ್ಮ ಅಂಗಡಿ ಸಾಲಿನಲ್ಲೆಲ್ಲ ಹಂಚಿಬಂದಳು. ಎದುರು ಅಂಗಡಿಯವಳು, ನೀನ್ಯಾವಾಗ ಹಾರೋದು ಎಂದು ನನ್ನನ್ನು ಕೇಳಿದಳು. ಬಟ್ಟೆ ಮಡಿಸುತ್ತಾ ನಕ್ಕೆ. ಅದು ಸಾಲದೆಂಬಂತೆ ಅಮ್ಮ ಅಂಗಡಿಯ ಒಳ್ಳೇ ನೀಲಿ ಬಟ್ಟೆಯೊಂದನ್ನು ಆರಿಸಿ, ಪ್ರಯಾಣಕ್ಕೆ ತನಗೂ ಬಿರಾಗೊಗೂ ಒಂದೇ ಥರದ್ದು ಹೊಲಿಸಬೇಕು, ಕತ್ತರಿಸು ಎಂದಳು. ಇಬ್ಬರ ಅಳತೆಗೆ ಕತ್ತರಿಸಿದೆ. ಉಳಿದ ತುಂಡು ನನಗೊಂದು ಕರವಸ್ತ್ರಕ್ಕೂ ಸಾಲುವಂತಿರಲಿಲ್ಲ.

ಸುಮ್ಮನಿರುವವಳಲ್ಲ ನಾನು. ಅಲ್ಲಿಯ ಊಟ ಅಮ್ಮನಿಗೆ ಒಗ್ಗುವುದಿಲ್ಲ ಎಂದೆ. ಹಾಗಾದರೆ ಶೀಸೆಯಲ್ಲಿ ಶಿಟೊ ಖಾರ ತುಂಬಿಕೊಡಕ್ಕ, ನಿನ್ನಷ್ಟು ರುಚಿಯಾಗಿ ಯಾರು ಮಾಡ್ತಾರೆ ಎಂದು ಬಿರಾಗೊ ನನಗೇ ಬೆಣ್ಣೆ ಹಚ್ಚಿದಳು. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಎಂದೆ. ನಿಲ್ಲಿಸುವ ಜಾಗಗಳನ್ನೆಲ್ಲ ಆಗಲೇ ಗುರುತು ಮಾಡಿಕೊಂಡಿದ್ದಳು. ಅಲ್ಲಿ ಮಾತಾಡುವುದು ಫ್ರೆಂಚ್ ಎಂದೆ. ಸಂಜೆ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದಾಳಂತೆ. ಕೊನೆಗೆ ಸೂಜಿಯ ಮೇಲೆ ಆಸೆ ಇಟ್ಟುಕೊಂಡೆ. ಅರವತ್ತು ದಾಟಿದವರಿಗೆ ಅದನ್ನು ಹಾಕುವ ಮೊದಲು ಡಾಕ್ಟರು ಹಿಂದೆಮುಂದೆ ನೋಡುತ್ತಾರೆಂದು ಕೇಳಿದ್ದೆ. ನಾನೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಅಮ್ಮನ ಎದೆ, ರಕ್ತ ಎಲ್ಲ ಪರೀಕ್ಷಿಸಿ, ಗಟ್ಟಿಮುಟ್ಟಾಗಿದ್ದಾರೆ ಎಂದು ಸೂಜಿ ಚುಚ್ಚಿಸಿದರು. ಆಮೇಲೆ ನನ್ನ ಮುಖ ನೋಡಿ, ನಿಮಗೇ ಬಿಪಿ ಇರಬಹುದು, ಒಮ್ಮೆ ತೋರಿಸಿಕೊಳ್ಳಿ ಎಂದರು.

ಇಷ್ಟಾದ ಮೇಲೆ ದೇವರು ನನ್ನ ಕಡೆಗೂ ಕಣ್ಣು ಬಿಟ್ಟ. ಪಾಸ್‌ಪೋರ್ಟಿಗೆ ಕೊಡಲಿರುವ ವಿವರಗಳನ್ನು ಬಿರಾಗೊ ಫೋನಿನಲ್ಲಿ ಓದುತ್ತಿದ್ದಳು. ಹೆಸರು ಯಾ ಪೊಕುವಾ, ಹುಟ್ಟಿದ್ದು ಮಾರ್ಚ್ ಹದಿನಾಲ್ಕು. ಅಮ್ಮ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ವರ್ಷ ಗೊತ್ತು, ಮಳೆ ಶುರುವಾಗುವ ಕಾಲವೆಂದು ಗೊತ್ತು, ವಾರ ಗೊತ್ತು. ವಾರವನ್ನು ಮರೆಯುವ ಹಾಗೇ ಇಲ್ಲ, ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು. ಗುರುವಾರ ಹುಟ್ಟಿದ ಹೆಣ್ಣು ಯಾ, ಬುಧವಾರದವಳು ಅಕುವಾ. ಈ ಹದಿನಾಲ್ಕನ್ನು ಬಿರಾಗೊ ತನ್ನ ತಲೆಯಿಂದ ಹುಟ್ಟಿಸಿ, ಅದರ ಮೇಲೆ ಜನನ ಪತ್ರವನ್ನೂ ಮಾಡಿಸಿದ್ದಳು. ನಾನು ನನ್ನ ಫೋನಿನ ಕ್ಯಾಲೆಂಡರಿನಲ್ಲಿ ಹಿಂದೆ ಹಿಂದೆ ಹೋಗಿ ಆ ವರ್ಷವನ್ನು ಹಿಡಿದೆ. ಅಂದು ಬುಧವಾರ.

ಬಿರಾಗೊಗೆ ಮೆಲ್ಲಗೆ ಹೇಳಿದ್ದರೆ ತಿದ್ದಿಸಿಕೊಂಡು ಬರುತ್ತಿದ್ದಳು. ನಾನು ಹೇಳಿದ್ದು ಅಮ್ಮನಿಗೆ, ಅದೂ ಊಟಕ್ಕೆ ಕೂತಾಗ. ಯಾಕೆಂದರೆ ಅಪ್ಪನ ಇನ್ನೊಬ್ಬ ಹೆಂಡತಿಯ ಹೆಸರು ಅಕುವಾ.

"ನಿನ್ ಚಿನ್ನದಂಥ ಮಗಳು ನಿನ್ನ ಅಕುವಾ ಮಾಡಿಟ್ಟಿದ್ದಾಳೆ ಕಣಮ್ಮ," ಎಂದೆ.

ಅಮ್ಮ ಕೈಯಲ್ಲಿದ್ದ ತುತ್ತನ್ನು ಸಾರಿನಲ್ಲೇ ಬಿಟ್ಟಳು. ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಅಕುವಾ ಡುಫಿಯೂ ಸತ್ತಳು, ಅಮ್ಮನ ಹೊಟ್ಟೆಯುರಿ ಮಾತ್ರ ಒಂದು ದಿನವೂ ಸತ್ತಿಲ್ಲ. ಯಾವ ಕ್ರಿಸ್‌ಮಸ್ಸಿಗೆ ಅಪ್ಪ ಅವಳಿಗೆ ಯಾವ ಅಚ್ಚಿನ ಬಟ್ಟೆ ಕೊಡಿಸಿದ್ದನೆಂದು ಈಗಲೂ ಹೇಳುತ್ತಾಳೆ. ಆ ಅಚ್ಚನ್ನು ನಮ್ಮ ಅಂಗಡಿಗೆ ತರಿಸುವ ಹಾಗಿಲ್ಲ. ಅವಳ ವಾರ ಹೊತ್ತುಕೊಂಡು ತಾನು ಯಾವ ಗಡಿಯನ್ನೂ ದಾಟುವುದಿಲ್ಲ ಎಂದು ಎದ್ದು ಕೈ ತೊಳೆದಳು. ಅಂದು ನಾನು ಎರಡು ಪಾಲು ಉಂಡೆ.

ಮುಂದಿನ ಶನಿವಾರ ಬಿರಾಗೊ ಅಕ್ರಾದಿಂದ ಓಡಿಬಂದಳು. ಗುರುವಾರ ಬರುವಂತೆ ಹೊಸ ಪತ್ರ ಮಾಡಿಸೋಣ, ಮನೆಯ ಹಿರಿಯರೊಬ್ಬರು ಕೋರ್ಟಿನಲ್ಲಿ ಪ್ರಮಾಣ ಮಾಡಿದರಾಯಿತು ಎಂದು ಅಮ್ಮನನ್ನು ಬೇಡಿಕೊಂಡಳು. ಸೋದರಮಾವ ತೀರಿಹೋಗಿದ್ದರಿಂದ ಆ ಹಿರಿಯಳು ನಾನೇ. ನನಗೆ ಬಿಡುವಿಲ್ಲ ಎಂದೆ. ಅಮ್ಮ ಮುಖ ಊದಿಸಿಕೊಂಡೇ ಇದ್ದಳು. ಬಿರಾಗೊ ನನ್ನ ಹಿಂದೆಯೇ ಅಂಗಳಕ್ಕೆ ಬಂದಳು. ಅಳುತ್ತಾಳೆ ಎಂದುಕೊಂಡಿದ್ದೆ. ಕಣ್ಣು ಕೆಂಡದ ಹಾಗಿತ್ತು.

"ನೋಡಕ್ಕ, ವರ್ಷವೆಲ್ಲ ಅಮ್ಮ ನಿಂಗೇ. ಅವಳಿಗೀಗ ಯಾವ ಸಾರು ಇಷ್ಟ ಅಂತ ನಿನ್ನ ಕೇಳಿ ತಿಳ್ಕೋಬೇಕು ನಾನು. ಹತ್ತು ದಿನ ಕೇಳ್ದೆ. ಹತ್ತೇ ದಿನ. ಅಷ್ಟನ್ನೂ ಬಿಟ್ಕೊಡಕ್ಕಾಗ್ಲಿಲ್ವಾ ನಿಂಗೆ?"

ಇವಳಿಗೂ ನನ್ನ ಮೇಲೆ ಉರಿಯಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ನನ್ನ ಉರಿ ಇಳಿಯಿತೇ ಎಂದರೆ, ಇಲ್ಲ. ಸ್ವಲ್ಪ ಖುಷಿಯಾಯಿತು, ಅಷ್ಟೇ.

ಅವಳು ಅಕ್ರಾಕ್ಕೆ ಮರಳಿದ ಮೇಲೆ, ಅಮ್ಮನ ತಲೆ ಬಾಚುತ್ತಾ ಕೇಳಿಯೇಬಿಟ್ಟೆ. ನಾನು ಕರೆದಾಗ ಬೇಡವಾದದ್ದು ಅವಳು ಕರೆದಾಗ ಹೇಗೆ ಬೇಕಾಯಿತು, ನಾನೇನು ಕಡಿಮೆ ಮಾಡಿದ್ದೇನೆ ಎಂದೆ. ಅಮ್ಮ ಏನೋ ಒಂದು ಸುಳ್ಳು ಹೇಳಿ ಸಮಾಧಾನ ಮಾಡುತ್ತಾಳೆ ಎಂದುಕೊಂಡೆ.

"ಕಡಿಮೆ ಎಲ್ಲಿ ಮಾಡ್ತೀಯ ಕಣೇ, ಜಾಸ್ತಿನೇ ಮಾಡ್ತೀಯ," ಎಂದಳು. "ಮೆಟ್ಲು ಕಂಡ್ರೆ ಸಾಕು, ನಾನು ಕಾಲೆತ್ತೋದ್ರೊಳಗೆ ನಿನ್ ಕೈ ನನ್ ಮೊಣಕೈ ಹಿಡ್ದಿರುತ್ತೆ. ನಿನ್ ಜೊತೆ ಹೋದ್ರೆ ನಾನು ಮುದುಕಿ. ಅವಳು ಕೋಣೆ ಗೀಣೆ ಎಲ್ಲಾ ನೋಡ್ತಾಳೆ, ನಡೆಯೋವಾಗ ತನ್ ಪಾಡಿಗೆ ತಾನು ಮುಂದೆ ಹೋಗ್ತಾಳೆ. ಒಂದ್ಸಲ ಹಾಗೆ ನನ್ ಕಾಲ ಮೇಲೆ ನಾನು ಲೋಮೆ ನೋಡ್ಬೇಕು."

ಬೈದಿದ್ದರೆ ಜಗಳವಾಡುತ್ತಿದ್ದೆ. ಇದಕ್ಕೆ ಏನೆಂದು ಜಗಳವಾಡುವುದು?

ಸೋಮವಾರ ಅಂಗಡಿಗೆ ಬೀಗ ಹಾಕಿ ಕೋರ್ಟಿಗೆ ಹೋದೆ. ಬೈಬಲ್ ಹಿಡಿದು, ಯಾ ಪೊಕುವಾ ಹುಟ್ಟಿದ್ದು ಮಾರ್ಚ್ ಹದಿನೈದು, ಗುರುವಾರ ಎಂದು ಪ್ರಮಾಣ ಮಾಡಿದೆ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ನಡೆದದ್ದಕ್ಕೆ ನಾನೇ ಸಾಕ್ಷಿ. ಗುಮಾಸ್ತ ಮುದ್ರೆ ಒತ್ತುತ್ತಾ, ಯಾತಕ್ಕೆ ಎಂದು ವಿಚಾರಿಸಿದ. ಅಮ್ಮನ ವಿದೇಶ ಪ್ರವಾಸಕ್ಕೆ ಎಂದೆ. ಈ ವಯಸ್ಸಿನಲ್ಲಿ ಅಮ್ಮನನ್ನು ಸುತ್ತಾಡಿಸುವ ನಿಮ್ಮಂಥ ಮಕ್ಕಳು ಎಲ್ಲರಿಗೂ ಸಿಗಬೇಕು ಎಂದ. ಕರೆದುಕೊಂಡು ಹೋಗುತ್ತಿರುವವಳು ನಾನಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಆ ಹೊಗಳಿಕೆಯನ್ನೂ ಬಿರಾಗೊಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಆಗಸ್ಟ್ ಬಂತು. ಅಮ್ಮನನ್ನು ಕರೆದೊಯ್ಯಲು ಬಿರಾಗೊ ಬಂದಳು, ಅಕ್ರಾ ಬಸ್ಸಿನವರೆಗೆ ನಾನೂ ಹೋದೆ. ಇಬ್ಬರದೂ ಅದೇ ನೀಲಿ ಉಡುಪು. ಬಿರಾಗೊ ಸೀಟು ಹುಡುಕುತ್ತಾ ಆಗಲೇ ಒಳಗೆ ಹೋಗಿದ್ದಳು. ಬಸ್ಸಿನ ಮೊದಲ ಮೆಟ್ಟಿಲು ಬಹಳ ಎತ್ತರ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅಮ್ಮ ನನ್ನ ಮುಖ ನೋಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡು ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದೆ. ಅವಳು ಕಂಬಿ ಹಿಡಿದು ಕಾಲೆತ್ತಿದಳು, ಕಾಲು ಜಾರಿ ಕೆಳಗೆ ಬಂತು. ಹಿಂದಿದ್ದವರು ಗೊಣಗಿದರು. ಅವಳು ಇನ್ನೊಮ್ಮೆ ಕಾಲೆತ್ತಿದಳು, ತುಟಿ ಕಚ್ಚಿಕೊಂಡು ಹತ್ತಿಯೇಬಿಟ್ಟಳು.

ಕಿಟಕಿಯಲ್ಲಿ ನೋಡಿದರೆ, ಅಮ್ಮ ಬಿರಾಗೊಗೆ ಏನೋ ಹೇಳಿ ನಗುತ್ತಿದ್ದಳು. ಅಷ್ಟು ಚೆನ್ನಾಗಿ ನಗುವುದನ್ನು ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಬಸ್ಸು ಹೊರಟಿತು. ನನ್ನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.