ಐದನೇ ದಿನದ ಗಿರಾಕಿಗಳು

ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನಲ್ಲಿ ಹುದುಗಿಸಿದ ಅಂಗಾಂಶವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಹಚ್ಚಿ ಕೊಡುವವರು ಅವಳ ಸೋದರಮಾವ. ಮೂವತ್ತು ವರ್ಷ ಪಳಗಿದ ಕೈ. ಅವಳು ಸಂಶೋಧನೆಗೆ ಸೇರಿದ ದಿನವೇ ಇಬ್ಬರಲ್ಲೂ ಒಪ್ಪಂದವಾಗಿತ್ತು: ಮನೆಯಲ್ಲಿ ಮಾವ, ಇಲ್ಲಿ ಸರ್. ಅವರು ಅವಳನ್ನು "ಮೇಡಂ" ಎನ್ನುತ್ತಿದ್ದರು. ಅದರಲ್ಲಿ ಮರ್ಯಾದೆಗಿಂತ ಕೀಟಲೆಯೇ ಹೆಚ್ಚು.

ಅವಳ ವಿಷಯ ಇಲಿಗಳ ಹುಸಿ ಬಸಿರು. ಸಂತಾನಹರಣ ಚಿಕಿತ್ಸೆಯಾದ ಗಂಡಿಲಿಯೊಡನೆ ಕೂಡಿದ ಹೆಣ್ಣಿಲಿಗೆ ಮರಿ ನಿಲ್ಲುವುದಿಲ್ಲ. ಗರ್ಭಕೋಶ ಮಾತ್ರ ಬಸಿರೆಂದೇ ನಂಬಿ ಹಾಸಿಗೆ ಹಾಸತೊಡಗುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಅಲ್ಲಿ ಯಾವ ದಿನ ಎಲ್ಲಿರುತ್ತವೆ ಎಂದು ಅವಳು ನೋಡಬೇಕಿತ್ತು. ಬಣ್ಣ ಹಾಕಿದರೆ ಗ್ರಾಹಕವಿದ್ದ ಜೀವಕೋಶ ಕಂದು, ಇಲ್ಲದ್ದು ನೀಲಿ.

"ಗ್ರಾಹಕ ಅಂದ್ರೆ ಗಿರಾಕಿ ತಾನೆ? ಏನ್ ಮೇಡಂ, ಇವತ್ತು ವ್ಯಾಪಾರ ಹೇಗೆ?" ಎಂದು ಮಾವ ದಿನಾ ಕೆಣಕುತ್ತಿದ್ದರು.

ಹುಸಿ ಬಸಿರಿನ ಮೂರನೇ ದಿನದ ಇಲಿಗಳಲ್ಲಿ ಗರ್ಭಕೋಶದ ಒಳಪದರವೆಲ್ಲ ಕಂದು. ಐದನೇ ದಿನದವುಗಳಲ್ಲಿ ಬರೀ ನೀಲಿ. ಅವಳು ಮೂರು ಸಲ ಬಣ್ಣ ಹಾಕಿದಳು. ಮೂರು ಸಲವೂ ಅದೇ ಹಾಡು. ಕೊನೆಗೆ ಗಾಜುಗಳನ್ನು ಕಸದ ಬುಟ್ಟಿಯ ಹತ್ತಿರ ಒಯ್ದಳು.

"ಎಲ್ಲಾ ಹಾಳಾಯ್ತು ಮಾವ," ಎಂದುಬಿಟ್ಟಳು.

ಮಾವ ಆಚೀಚೆ ನೋಡಿದರು. "ಇಲ್ಲಿ ಯಾರ ಮಾವನೂ ಇಲ್ಲ. ಮೂರನೇ ದಿನದ್ದನ್ನೂ ಇದೇ ಬಣ್ಣದಲ್ಲಿ ಅದ್ದಿದ್ದು ತಾನೆ?"

"ಹೂಂ."

"ಅದಕ್ಕೆ ಹತ್ತಿದ ಬಣ್ಣ ಇದರ ಮೇಲೆ ಮುನಿಸ್ಕೊಳ್ತಾ? ಕೊಡಿ ಇಲ್ಲಿ."

ಅವರು ಸೂಕ್ಷ್ಮದರ್ಶಕದ ದೊಡ್ಡದಾಗಿ ತೋರುವ ಮಸೂರ ಸರಿಸಿ ಚಿಕ್ಕದಾಗಿ ತೋರುವುದನ್ನು ತಿರುಗಿಸಿದರು. "ಮೂಗಿನ ತುದಿ ನೋಡ್ತಾ ಕೂತ್ರೆ ಮುಖ ಕಾಣುತ್ತಾ? ಈಗ ನೋಡಿ."

ಅವಳು ಕಣ್ಣಿಟ್ಟಳು. ಅಂಚಿನ ಒಳಪದರವೇನೋ ನೀಲಿಯೇ. ಆದರೆ ಅದರ ಅಡಿಯ ಅಂಗಾಂಶದ ತುಂಬ ಕಂದು, ಎಳ್ಳು ಚೆಲ್ಲಿದ ಹಾಗೆ. ಎರಡು ವಾರ ಅವಳ ಕಣ್ಣು ಅಂಚು ಬಿಟ್ಟು ಕೆಳಗಿಳಿದೇ ಇರಲಿಲ್ಲ.

"ಗಿರಾಕಿಗಳು ಎಲ್ಲೂ ಹೋಗಿಲ್ಲ ಮೇಡಂ. ಪಕ್ಕದ ಬೀದಿ ಸೇರ್ಕೊಂಡಿದಾರೆ."

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಗಾಜುಗಳನ್ನು ಎದೆಗವಚಿಕೊಂಡು ಗೈಡ್ ಕೋಣೆಗೆ ಓಡಿದಳು.

ಗೈಡ್ ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕನ್ನಡಕ ತೆಗೆದರು. "ಇವು ಹೀಗೆ ಜಾಗ ಬದಲಿಸ್ತವೆ ಅಂತ ಪುಸ್ತಕದಲ್ಲೇ ಇದೆಯಲ್ಲಮ್ಮ. ಮೂರು ಸಲ ಬಣ್ಣ ಹಾಕೋ ಬದಲು ಒಂದು ಸಲ ಓದಬಾರದಿತ್ತಾ?"

ಅವಳ ಮುಖ ಇಂಗು ತಿಂದ ಮಂಗನದಾಯಿತು. ಆದರೆ ಅವರೇ ಮತ್ತೆ ಎಂದರು: "ಸರಿಯಾಗಿ ಯಾವ ಹೊತ್ತಲ್ಲಿ ಬದಲಿಸ್ತವೆ ಅನ್ನೋದು ನಮ್ಮ ಇಲಿಗಳಲ್ಲಿ ಗೊತ್ತಿಲ್ಲ. ನಾಲ್ಕನೇ ದಿನದ ಇಲಿಗಳನ್ನ ಆರಾರು ಗಂಟೆಗೊಮ್ಮೆ ನೋಡು."

ಆ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಉತ್ತರ ಸಿಕ್ಕಿತು. ಪ್ರಬಂಧ ಬರೆಯುವಾಗ ಅವಳು ಲೇಖಕರ ಪಟ್ಟಿಯಲ್ಲಿ ಮಾವನ ಹೆಸರನ್ನೂ ಸೇರಿಸಿ ಅವರಿಗೆ ತೋರಿಸಿದಳು. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ಓದಿದರು.

"ನನ್ನ ಹೆಸರು ಕೊನೇಲಿದ್ರೂ ಅಡ್ಡಿಯಿಲ್ಲ," ಎಂದರು ಹಾಳೆ ಹಿಂದಿರುಗಿಸುತ್ತ. "ಆದರೆ ನಿನಗಿಂತ ಮುಂಚೆ ಇಲಿ ಹೆಸರು ಹಾಕು. ಅದು ಒಂದು ಸಲವೂ ತಪ್ಪು ಮಾಡಲಿಲ್ಲ."